ಗ್ರೀಸಿನ ಕಪ್ಪು ಪುಡಿ ಲೋಹದಂತೆ ವರ್ತಿಸುವ ಬಗೆ

ಚಿಕ್ಕಮಗಳೂರಿನ ಗ್ಯಾರೇಜಿನಲ್ಲಿ ಕಾರಿನ ಸಿವಿ ಜಾಯಿಂಟ್‌ನ (ಎಂಜಿನ್ನಿನ ತಿರುಗುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ ಕೀಲಿನ) ರಬ್ಬರ್ ಬೂಟ್ ಬಿಚ್ಚಿದಾಗ ಕೈಗೆ ಮೆತ್ತುವ ಕಪ್ಪು ಗ್ರೀಸಿನಲ್ಲಿ ಸಾಮಾನ್ಯವಾಗಿ ಮಾಲಿಬ್ಡಿನಂ ಡೈಸಲ್ಫೈಡ್ ಇರುತ್ತದೆ. ಘಟ್ಟದ ತಿರುವುಗಳಲ್ಲಿ ಕೀಲು ಸವೆಯದಂತೆ ಕಾಯುವುದು ಅದರ ಪದರಗಳು. ಪದರದೊಳಗಿನ ಬಂಧ ಬಿಗಿ, ಪದರಗಳ ನಡುವಿನ ಸೆಳೆತ ಸಡಿಲ. ಹಾಗಾಗಿ ಒಂದರ ಮೇಲೊಂದು ಜಾರುತ್ತವೆ. ಆ ಸಡಿಲ ಸಂದಿಗೇ ಲಿಥಿಯಂ ಅಯಾನುಗಳನ್ನು ನುಗ್ಗಿಸಿದರೆ, ಅರೆವಾಹಕವಾಗಿದ್ದ ಪುಡಿ ಲೋಹದಂತೆ ವಿದ್ಯುತ್ ಹರಿಸತೊಡಗುತ್ತದೆ.

ಈ ಬದಲಾವಣೆ ತರುವುದು ಮುಖ್ಯವಾಗಿ ಅಯಾನಿನ ಜೊತೆ ಬರುವ ಎಲೆಕ್ಟ್ರಾನು. ಲಿಥಿಯಂ ಸಂದಿನಲ್ಲೇ ಉಳಿಯುತ್ತದೆ, ಎಲೆಕ್ಟ್ರಾನು ಪದರದೊಳಗಿನ ಮಾಲಿಬ್ಡಿನಂ ಸೇರುತ್ತದೆ. ಸಹಜ ರೂಪದಲ್ಲಿ ಪ್ರತಿ ಮಾಲಿಬ್ಡಿನಂ ಮೇಲೆ ಮೂರು ಗಂಧಕ, ಅವುಗಳ ನೇರ ಕೆಳಗೆ ಇನ್ನು ಮೂರು. ಈ ಜೋಡಣೆಯಲ್ಲಿ ಅದರ ಎರಡು ಡಿ-ಎಲೆಕ್ಟ್ರಾನುಗಳು (ಹೊರಭಾಗದ ಎಲೆಕ್ಟ್ರಾನುಗಳು) ಕೆಳಗಿನ ಶಕ್ತಿಮಟ್ಟವನ್ನು ಪೂರ್ತಿ ತುಂಬಿರುತ್ತವೆ. ಮೂರನೆಯದು ಬಂದರೆ ಬಹಳ ಮೇಲಿನ ಮಟ್ಟಕ್ಕೇ ಏರಬೇಕು. ಅದಕ್ಕಿಂತ ಒಂದು ಕಡೆಯ ಗಂಧಕದ ಸಾಲು ಪಕ್ಕಕ್ಕೆ ಸರಿಯುವುದೇ ಶಕ್ತಿಯ ಲೆಕ್ಕದಲ್ಲಿ ಅಗ್ಗ. ಸರಿದ ಮೇಲೆ ಮಟ್ಟಗಳು ಅರ್ಧ ತುಂಬಿದ ಸ್ಥಿತಿಗೆ ಬಂದು ಎಲೆಕ್ಟ್ರಾನುಗಳಿಗೆ ಓಡಾಡಲು ಜಾಗ ಸಿಗುತ್ತದೆ. ಮೊದಲಿನ ರೂಪದ ಹೆಸರು 2ಎಚ್, ಎರಡನೆಯದು 1ಟಿ.

ಪ್ರಯೋಗಾಲಯದ ಹಳೆಯ ವಿಧಾನ ಹೀಗಿದೆ: 0.3 ಗ್ರಾಂ ಪುಡಿಯನ್ನು, ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿದ, ಲಿಥಿಯಂ ಒದಗಿಸುವ 1.6 ಮೋಲಾರ್ ಬ್ಯುಟೈಲ್ ಲಿಥಿಯಂನ 4 ಮಿ.ಲೀ.ನಲ್ಲಿ ಎರಡು ದಿನ ಆರ್ಗಾನ್ ಅನಿಲದಡಿ ನೆನೆಸುತ್ತಾರೆ. ಬಳಿಕ ಸೋಸಿ, ಹೆಕ್ಸೇನಿನಿಂದ ಚೆನ್ನಾಗಿ ತೊಳೆದು, ಒಂದು ಗಂಟೆಯೊಳಗೆ ನೀರಿಗೆ ಹಾಕಿ ಅಲ್ಟ್ರಾಸೋನಿಕ್ ಕಂಪನ ಕೊಡುತ್ತಾರೆ. ಲಿಥಿಯಂ ನೀರಿನ ಜೊತೆ ಸೇರಿ ಹೈಡ್ರೋಜನ್ ಹೊಮ್ಮುತ್ತದೆ, ಹಾಳೆಗಳು ಬಿಡಿಬಿಡಿಯಾಗುತ್ತವೆ. ಬ್ಯುಟೈಲ್ ಲಿಥಿಯಂ ಗಾಳಿಗೆ ತಾಗಿದರೇ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಇದು ಗ್ಲೋವ್‌ಬಾಕ್ಸ್ (ಹೊರಗಾಳಿ ಸೇರದ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಮತ್ತು ಅನುಭವಿಗಳ ಮೇಲ್ವಿಚಾರಣೆ ಇರುವಲ್ಲಿ ಮಾತ್ರ ಮಾಡುವ ಕೆಲಸ. ಮಲೆನಾಡಿನ ಆಷಾಢದ ಗಾಳಿಯಲ್ಲಂತೂ ಸೋಸುವ ಹೊತ್ತಿಗೇ ತೇವ ಲಿಥಿಯಂ ಅನ್ನು ಹೈಡ್ರಾಕ್ಸೈಡ್ ಮಾಡಿಬಿಡುತ್ತದೆ.

ತೇವಕ್ಕಿಂತ ಹೆಚ್ಚು ಕೆಡಿಸುವುದು ಲಿಥಿಯಂ ತುಂಬುವ ಅತಿಯಾಸೆ. ಮಿತಿ ಮೀರಿದರೆ ಪದರವೇ ಒಡೆದು ಲಿಥಿಯಂ ಸಲ್ಫೈಡ್ ಮತ್ತು ಬರೀ ಮಾಲಿಬ್ಡಿನಂ ಉಳಿಯುತ್ತದೆ. ಇದನ್ನು ಹಿಂದಕ್ಕೆ ತರಲಾಗದು. ಹಾಗಾಗಿ ರಾಸಾಯನಿಕದ ಬದಲು ಬ್ಯಾಟರಿಯಂಥ ಕೋಶ ಬಳಸುವುದು ನನ್ನ ಲೆಕ್ಕದಲ್ಲಿ ಒಳ್ಳೆಯದು. ಅದರಲ್ಲಿ ವೋಲ್ಟೇಜ್ ನೋಡಿಕೊಂಡು ಲಿಥಿಯಂ ತುಂಬಬಹುದು: ಲಿಥಿಯಂ ಲೋಹಕ್ಕೆ ಹೋಲಿಸಿ ಅಳೆದಾಗ 1.1 ವೋಲ್ಟ್ ಆಸುಪಾಸಿನಲ್ಲಿ ರೂಪಾಂತರ, 0.6 ವೋಲ್ಟ್ ಹತ್ತಿರ ಒಡೆತ. ಈ ಎರಡರ ನಡುವೆ, ಒಡೆತಕ್ಕೆ ಸಾಕಷ್ಟು ಮೇಲೆಯೇ ನಿಲ್ಲಿಸಿಕೊಳ್ಳಬಹುದು.

ಲಿಥಿಯಂ ತೊಳೆದುಹೋದರೂ 1ಟಿ ರೂಪ ಸ್ವಲ್ಪ ಕಾಲ ಉಳಿಯುತ್ತದೆ. 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮತ್ತೆ ಅರೆವಾಹಕ. ಒಂದೇ ಹಾಳೆಯ ನಡುಭಾಗವನ್ನು ಪಾಲಿಮರಿನಿಂದ ಮುಚ್ಚಿ, ತುದಿಗಳನ್ನಷ್ಟೇ ಲೋಹ ರೂಪಕ್ಕೆ ತಿರುಗಿಸಿ ಟ್ರಾನ್ಸಿಸ್ಟರ್ ಮಾಡಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ತಂತಿ ಕೂಡುವ ತುದಿಗಳ ಸಂಪರ್ಕ ರೋಧ ಅದರಲ್ಲಿ 200ರಿಂದ 300 ಓಮ್-ಮೈಕ್ರೋಮೀಟರಿಗೆ ಇಳಿದಿತ್ತು.