ಹಿತ್ತಾಳೆ ತಕ್ಕಡಿಗೆ ಹುಣಸೆಹಣ್ಣು ಬೇಡ

ಶಾಲೆಗೆ ನೂರು ವರ್ಷ ತುಂಬಿದಾಗ, ಇಲ್ಲವೇ ಆಯುಧಪೂಜೆ ಹತ್ತಿರ ಬಂದಾಗ, ಹಳೆಯ ಪ್ರಯೋಗಶಾಲೆಯ ಕಪಾಟಿನ ಬಾಗಿಲು ತೆರೆಯುತ್ತದೆ. ತಕ್ಕಡಿ, ಸೂಕ್ಷ್ಮದರ್ಶಕ, ಸರ್ವೆಯಲ್ಲಿ ಕೋನ ಅಳೆಯುವ ಥಿಯೊಡೊಲೈಟ್ ಎಲ್ಲ ಕಂದುಗಟ್ಟಿರುತ್ತವೆ. ಸಂಜೆಯೊಳಗೆ ಯಾರೋ ಪ್ರೀತಿಯಿಂದಲೇ ಹುಣಸೆಹಣ್ಣು, ಉಪ್ಪು ಹಾಕಿ ದೇವರ ಮನೆಯ ದೀಪದಂತೆ ತಿಕ್ಕಿ ಫಳಫಳ ಹೊಳೆಯಿಸಿರುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಪ್ರಶ್ನೆ ಬರುತ್ತದೆ: ‘ಹಸಿರು ಕಟ್ಟುತ್ತಿದೆ, ಇನ್ನೊಮ್ಮೆ ತಿಕ್ಕಲೇ?’

ಬೇಡ. ಮೊದಲ ಸಲ ತಿಕ್ಕಿದ್ದೇ ಹೆಚ್ಚಾಯಿತು.

ಹೋದದ್ದು ಬರೀ ಕೊಳೆಯಲ್ಲ. ಹತ್ತೊಂಬತ್ತನೇ ಶತಮಾನದ ತಯಾರಕರು ಹಿತ್ತಾಳೆಯನ್ನು ಬೆಚ್ಚಗೆ ಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಬಳಿಯುತ್ತಿದ್ದರು. ಚಿನ್ನದ ಛಾಯೆ ಬರಲೆಂದು ಗ್ಯಾಂಬೋಜ್ ಎಂಬ ಹಳದಿ ಅಂಟನ್ನು ಸೇರಿಸುವುದೂ ಇತ್ತು. ನಮ್ಮ ಮುರುಗಲು ಯಾವ ಕುಲದ್ದೋ ಅದೇ ಕುಲದ ಮರಗಳ ಅಂಟು ಅದು. ಕಂದಾಗಿ ಕಾಣುವುದು ಎಷ್ಟೋ ಸಲ ಹಳತಾದ ಈ ಅರಗೇ. ತಿಕ್ಕಿದರೆ ಅದು ಅಲ್ಲಲ್ಲಿ ಕಿತ್ತುಬರುತ್ತದೆ. ಹುಣಸೆಯ ಆಮ್ಲ ಮತ್ತು ಉಪ್ಪಿನ ಕ್ಲೋರೈಡ್ ತಿರುಪಿನ ಸಂದುಗಳಲ್ಲಿ ಉಳಿದುಬಿಡುತ್ತವೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಗಾಳಿಯೇ ಉಪ್ಪು ಹೊತ್ತು ತರುವ ಕಾರವಾರ, ಅಂಕೋಲೆಯಲ್ಲಿ ಜೂನ್ ಬಂತೆಂದರೆ ಆ ಸಂದುಗಳಿಂದಲೇ ತಿಳಿಹಸಿರು ಪುಡಿ ಹೊರಬರುತ್ತದೆ.

ತೂಕದ ಬಟ್ಟುಗಳ ವಿಷಯದಲ್ಲಿ ನಷ್ಟವನ್ನು ಲೆಕ್ಕ ಹಾಕಿಯೇ ಹೇಳಬಹುದು. 50 ಗ್ರಾಂ ಹಿತ್ತಾಳೆ ಬಟ್ಟಿನ ಮೈ ಒಂದೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸವೆದರೂ ಸುಮಾರು 15 ಮಿಲಿಗ್ರಾಂ ಹೋಯಿತು. ಅದನ್ನು ಬಳಸಿದ ತಕ್ಕಡಿ ಒಂದು ಮಿಲಿಗ್ರಾಂಗಿಂತ ಕಡಿಮೆ ವ್ಯತ್ಯಾಸವನ್ನೂ ತೋರಿಸುವಂಥದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆಯನ್ನು 1794ರಲ್ಲಿ ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಕೊಟ್ಟ ಮೇಲೆ ಅವನ ಉಪಕರಣಗಳನ್ನು ಮರಳಿ ಪಡೆದು ಕಾಪಾಡಿದವಳು ಹೆಂಡತಿ. ಅವನ ತಕ್ಕಡಿಗಳು ಇಂದು ಪ್ಯಾರಿಸ್ಸಿನ ಕಲೆ ಮತ್ತು ಕಸುಬುಗಳ ವಸ್ತುಸಂಗ್ರಹಾಲಯದಲ್ಲಿವೆ. ಅವನ ಅಳತೆ ಎಷ್ಟು ನಿಖರವಾಗಿತ್ತು ಎನ್ನುವುದಕ್ಕೆ ಆ ಲೋಹವೇ ಸಾಕ್ಷಿ. ನಿಮ್ಮ ಶಾಲೆಯ ತಕ್ಕಡಿಯೂ ಸಾಕ್ಷಿಯೇ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತಲ್ಲ, ಮುಂಬಯಿ ವ್ಯಾಪಾರಿಯ ಹೆಸರು ಕೆತ್ತಿದ್ದರೆ ಉಪಕರಣ ಯಾವ ದಾರಿಯಿಂದ ಬಂತೆಂದು ಊಹಿಸಬಹುದು. ಕೆತ್ತನೆ ಅಳಿಸಿಹೋದರೆ ಆ ದಾರಿಯೂ ಮುಚ್ಚಿತು.

ಹುಣಸೆ ಬಿಟ್ಟು ಅಂಗಡಿಯ ಪಾಲಿಶ್ ತರುತ್ತೇವೆ ಎನ್ನುವವರಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಅಮೋನಿಯಾ ಸೇರಿರುತ್ತದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು; ಕುದುರೆ ಲಾಯದ ಅಮೋನಿಯಾ ಕಾರಣ ಎಂದು ಆಮೇಲೆ ಗೊತ್ತಾಯಿತು. ಬಡಿದು, ಎಳೆದು ಮಾಡಿದ ಹಿತ್ತಾಳೆಯೊಳಗೆ ಬಿಗುವು ಉಳಿದಿರುತ್ತದೆ, ಅಮೋನಿಯಾ ಅಲ್ಲಿ ಬಿರುಕು ಬಿಡಿಸುತ್ತದೆ. ಶಿರಸಿ ಕಡೆ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ ದೂರದರ್ಶಕ ಇಟ್ಟವರೂ ಇದನ್ನು ಗಮನಿಸಬೇಕು.

ಹಾಗಾದರೆ ಮಾಡುವುದೇನು? ಮೊದಲು ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಬೆವರಿನ ಬೆರಳಚ್ಚು ಹಿತ್ತಾಳೆಯನ್ನು ಕೊರೆಯುತ್ತದೆ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಅರಗಿನ ಅಂಚು ಕಾಣುತ್ತದೆ. ಅರಗಿದ್ದಲ್ಲಿ ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಬೇಡಿ, ಕರಗಿಬಿಡುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿ, ಕೂಡಲೇ ಒಣಹತ್ತಿಯಿಂದ ಒತ್ತಿ ತೆಗೆಯಿರಿ. ಬೆಳ್ಳಿ ಲೇಪದ ಅಂಕಿಪಟ್ಟಿಯನ್ನಂತೂ ತಿಕ್ಕಲೇಬೇಡಿ; ಆ ಲೇಪ ತೀರ ತೆಳು. ಹಸಿರು ಪುಡಿಯನ್ನು ಭೂತಗನ್ನಡಿ ಹಿಡಿದು ಬಿದಿರುಕಡ್ಡಿಯಿಂದ ಬಿಡಿಸಬಹುದು. ಅದು ಮತ್ತೆ ಮತ್ತೆ ಬಂದರೆ ಸಂರಕ್ಷಣಾ ತಜ್ಞರಿಗೆ ಒಪ್ಪಿಸುವುದು ಒಳ್ಳೆಯದು.

ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ತೇವಮಾಪಕವನ್ನೂ ಇಡಿ. ಮರದ ಭಾಗಗಳಿದ್ದರೆ ತೇವಾಂಶ ಶೇ 45ರಿಂದ 55ರ ನಡುವೆ ಇರಲಿ. ಇನ್ನೂ ಒಣಗಿಸಿದರೆ ಮರ ಸೀಳಬಹುದು. ಜೆಲ್ ಬಣ್ಣ ತಿರುಗಿತೆಂದರೆ ಅದರ ಪೊಟ್ಟಣದ ಮೇಲೆ ಬರೆದಂತೆ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಿ. ಪೂಜೆ ಮಾಡುವುದಾದರೆ ಕುಂಕುಮ ಮರದ ಸ್ಟೂಲಿಗಿರಲಿ, ಲೋಹಕ್ಕೆ ಬೇಡ.

ಅದೇ ಕಪಾಟಿನಲ್ಲಿ ಹಳೆಯ ರಾಸಾಯನಿಕ ಬಾಟಲಿಗಳೂ ಇರುತ್ತವೆ. ‘ಪಿಕ್ರಿಕ್ ಆ್ಯಸಿಡ್’ ಎಂಬ ಚೀಟಿ, ಮುಚ್ಚಳದ ಸುತ್ತ ಹಳದಿ ಹರಳು ಕಂಡರೆ ತೆರೆಯಬೇಡಿ, ಅಲುಗಿಸಲೂ ಬೇಡಿ. ಒಣಗಿದ ಪಿಕ್ರಿಕ್ ಆ್ಯಸಿಡ್ ಸ್ಫೋಟಕ. ಮುಚ್ಚಳ ತಿರುಗಿಸುವ ಘರ್ಷಣೆಯೇ ಅದಕ್ಕೆ ಸಾಕಾಗಬಹುದು. ಮಕ್ಕಳನ್ನು ಹೊರಗೆ ಕಳಿಸಿ, ಕೋಣೆಗೆ ಬೀಗ ಹಾಕಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.