ಮನೆಯಲ್ಲಿರುವ ಹಿರಿಯರಲ್ಲಿ ಬಲಕ್ಷೀಣತೆಯ ತಪಾಸಣೆ: ನಾಲ್ಕು ಮೀಟರ್ ನಡಿಗೆಯನ್ನು ಅರ್ಥೈಸುವ ಬಗೆ

ವಯಸ್ಸಾದವರಲ್ಲಿ ಹಲವು ಅಂಗಗಳ ಮೀಸಲು ಶಕ್ತಿ ಒಟ್ಟಾಗಿ ಕುಗ್ಗಿ, ಸಣ್ಣ ಜ್ವರವೋ ಹೊಸದೊಂದು ಮಾತ್ರೆಯೋ ಬಂದರೂ ಸಾಕು, ಹಾಸಿಗೆ ಹಿಡಿಯುವ ಅಥವಾ ಜಾರಿ ಬೀಳುವ ಸಾಧ್ಯತೆ ಹೆಚ್ಚುವ ಸ್ಥಿತಿಯನ್ನು ವೈದ್ಯಕೀಯದಲ್ಲಿ ಫ್ರೇಲ್ಟಿ ಎನ್ನುತ್ತಾರೆ. ಇಲ್ಲಿ ಅದನ್ನು ಬಲಕ್ಷೀಣತೆ ಎಂದು ಬರೆಯುತ್ತೇನೆ. ವಯಸ್ಸೊಂದರಿಂದಲೇ ಇದನ್ನು ಹೇಳಲಾಗದು. ಎಂಬತ್ತು ದಾಟಿದ ಮೇಲೂ ಕಣದಲ್ಲಿ ಹರವಿದ ಕಾಫಿಗೆ ಕೈಯಾಡಿಸುವವರು ಸಕಲೇಶಪುರ, ಮೂಡಿಗೆರೆ ಕಡೆ ಸಿಗುತ್ತಾರೆ. ಎಪ್ಪತ್ತಾಗುವ ಮೊದಲೇ ಸೋತವರೂ ಸಿಗುತ್ತಾರೆ.

ಅಮೆರಿಕದ ವೈದ್ಯ ಸಂಶೋಧಕಿ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಐದು ಲಕ್ಷಣಗಳು ಇಂದಿಗೂ ಅಡಿಪಾಯವಾಗಿವೆ: ಬಯಸದೆ ಇಳಿದ ತೂಕ, ಸದಾ ಆಯಾಸ, ಕುಗ್ಗಿದ ಹಿಡಿತದ ಬಲ, ನಿಧಾನವಾದ ನಡಿಗೆ, ಕಡಿಮೆಯಾದ ಚಟುವಟಿಕೆ. ಮೂರು ಅಥವಾ ಹೆಚ್ಚು ಇದ್ದರೆ ಬಲಕ್ಷೀಣತೆ, ಒಂದೆರಡಿದ್ದರೆ ಅದರ ಪೂರ್ವಸ್ಥಿತಿ. ಆದರೆ ಆ ಅಳತೆಗೋಲುಗಳು ಅಮೆರಿಕದ ಹಿರಿಯರಿಂದ ಬಂದವು, ಹಿಡಿತದ ಬಲ ಅಳೆಯುವ ಉಪಕರಣವೂ ಮನೆಭೇಟಿಯ ಚೀಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಮೊದಲು ಮಾಡಬಹುದಾದದ್ದು ನಡಿಗೆಯ ಪರೀಕ್ಷೆ. 4 ಮೀಟರ್ ಗುರುತು ಹಾಕಿ, ಕೋಲು ಬಳಸುವವರಿಗೆ ಕೋಲು ಕೊಟ್ಟು, ದಿನನಿತ್ಯದ ವೇಗದಲ್ಲಿ ನಡೆಯಲು ಹೇಳಬೇಕು. 5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಂದರೆ ವೇಗ ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆಯಿದ್ದರೆ, ಮುಂದಿನ ಪರೀಕ್ಷೆ ಬೇಕು.

ನಾವು ವಿದ್ಯಾರ್ಥಿಗಳು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 2015ರಲ್ಲಿ ಪ್ರಕಟವಾದ, ಹಿಂದಿನ ಅಧ್ಯಯನಗಳ ಸಮೀಕ್ಷೆಯೊಂದರ ಪ್ರಕಾರ ಈ ಪರೀಕ್ಷೆಯ ಸಂವೇದನೆ, ಅಂದರೆ ಬಲಕ್ಷೀಣತೆ ಇರುವವರಲ್ಲಿ ಪರೀಕ್ಷೆ ಹಿಡಿಯುವವರ ಪಾಲು, 0.99; ನಿರ್ದಿಷ್ಟತೆ, ಅಂದರೆ ಇಲ್ಲದವರಲ್ಲಿ ಸರಿಯಾಗಿ ಬಿಟ್ಟುಬಿಡುವವರ ಪಾಲು, 0.64. ಲೆಕ್ಕಕ್ಕಾಗಿ ನೂರು ಹಿರಿಯರಲ್ಲಿ ಇಪ್ಪತ್ತು ಮಂದಿಗೆ ನಿಜವಾಗಿ ಬಲಕ್ಷೀಣತೆಯಿದೆ ಎಂದಿಟ್ಟುಕೊಳ್ಳೋಣ. ಆ ಇಪ್ಪತ್ತರಲ್ಲಿ ಬಹುತೇಕ ಎಲ್ಲರೂ ನಿಧಾನ ನಡಿಗೆಯವರಾಗಿ ಸಿಕ್ಕಿಬೀಳುತ್ತಾರೆ. ಉಳಿದ ಎಂಬತ್ತರಲ್ಲಿ 36 ಶೇಕಡಾ, ಅಂದರೆ ಸುಮಾರು ಇಪ್ಪತ್ತೊಂಬತ್ತು ಮಂದಿಯೂ ಅದೇ ಪಟ್ಟಿಗೆ ಸೇರುತ್ತಾರೆ. ಹೀಗೆ ಪಟ್ಟಿಯಲ್ಲಿರುವ ಸುಮಾರು ನಲವತ್ತೊಂಬತ್ತರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೊಣಕಾಲು ನೋವಿನಿಂದಲೋ ಕಣ್ಣಿನ ಪೊರೆಯಿಂದಲೋ ನಿಧಾನವಾದವರಿರಬಹುದು. ಐದು ಸೆಕೆಂಡಿನೊಳಗೆ ನಡೆದವರ ಬಗ್ಗೆ ನೆಮ್ಮದಿಯಿಂದಿರಬಹುದು. ಮೀರಿದವರಿಗೆ ಹಣೆಪಟ್ಟಿ ಹಚ್ಚಬಾರದು.

ಮಲೆನಾಡಿನ ಮನೆಗಳು ಇನ್ನೊಂದು ತೊಡಕನ್ನು ತರುತ್ತವೆ. ರಸ್ತೆಯಿಂದ ಮನೆಗೆ ಇಳಿಜಾರು, ಅಂಗಳ ಮಳೆಗಾಲದಲ್ಲಿ ಪಾಚಿಗಟ್ಟಿರುತ್ತದೆ. ಹಾಗಾಗಿ ನಡುಮನೆಯ ಸಮತಟ್ಟಾದ ನೆಲವನ್ನೇ ಆರಿಸುವುದು ಕ್ಷೇಮ. ಬಲಕ್ಷೀಣತೆಯ ಪ್ರಶ್ನಾವಳಿಗಳು ಒಂದು ಮಹಡಿ ಮೆಟ್ಟಿಲು ಹತ್ತುವಿರಾ ಎಂದು ಕೇಳುತ್ತವೆ, ಇಲ್ಲಿನ ಹೆಂಚಿನ ಮನೆಗಳಲ್ಲಿ ಮಹಡಿ ಇಲ್ಲದಿರುವುದೂ ಉಂಟು. ರಸ್ತೆಗೆ ಹತ್ತುವ ಏರಿನ ಬಗ್ಗೆ ಕೇಳಬಹುದು, ಆದರೆ ಪ್ರಶ್ನೆ ಬದಲಿಸಿದ್ದನ್ನು ದಾಖಲೆಯಲ್ಲಿ ಬರೆದಿಡಬೇಕು, ಮುಂದಿನ ಭೇಟಿಯಲ್ಲೂ ಅದೇ ಪ್ರಶ್ನೆಯನ್ನೇ ಕೇಳಬೇಕು. ಆಷಾಢದ ಮಳೆಯಲ್ಲಿ ಚಟುವಟಿಕೆ ಕಡಿಮೆಯಾಗುವುದು ಎಲ್ಲರಿಗೂ ಸಹಜ, ಅದನ್ನು ಲಕ್ಷಣವೆಂದು ಎಣಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ತೂಕದ ಯಂತ್ರವಿಲ್ಲದಿದ್ದರೆ "ಅಜ್ಜಿ, ಹೋದ ವರ್ಷದ ರವಿಕೆ, ಬಳೆ ಈಗ ಸಡಿಲ ಆಗಿದಾವಾ?" ಎಂಬ ಪ್ರಶ್ನೆಯಿಂದ ಒಂದಿಷ್ಟು ಸುಳಿವು ಸಿಗುತ್ತದೆ, ಅದನ್ನು ತೂಕವೆಂದು ಬರೆಯಲಾಗದು.

ನಡಿಗೆ ನಿಧಾನವೆಂದು ಕಂಡವರಲ್ಲಿ ಕುರ್ಚಿಯಿಂದ ಐದು ಬಾರಿ ಕೈಯೂರದೆ ಎದ್ದು ಕೂರುವುದನ್ನು ನೋಡಬಹುದು. ವಯಸ್ಸಾದಂತೆ ಸ್ನಾಯು ಕರಗುವ ಸ್ಥಿತಿಯನ್ನು (ಸ್ನಾಯುಕ್ಷಯ) ಅಧ್ಯಯನ ಮಾಡುವ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಎಂಬ ಮಿತಿಯನ್ನು ಒಪ್ಪಿದೆ; ಹಿಡಿತದ ಬಲಕ್ಕೆ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕಿಲೋಗ್ರಾಂಗಿಂತ ಕಡಿಮೆ ಎಂಬುದು ಅದೇ ಗುಂಪಿನ ಮಿತಿ. ಈ ಎರಡೂ ಸ್ನಾಯುಗಳ ದುರ್ಬಲತೆಯನ್ನು ತೋರಿಸುತ್ತವೆಯೇ ಹೊರತು ಇಡೀ ಬಲಕ್ಷೀಣತೆಯನ್ನಲ್ಲ.

ಜ್ವರ ಬಂದಿರುವಾಗ ಅಥವಾ ಆಸ್ಪತ್ರೆಯಿಂದ ಬಂದ ಮರುದಿನ ಈ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ, ಚೇತರಿಸಿಕೊಂಡ ಮೇಲೆ ಮಾಡಬೇಕು. ತೂಕ ಇಳಿದಿದ್ದರೆ ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳದೆ ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಮತ್ತು ಹಲ್ಲಿನ ತೊಂದರೆಗಳನ್ನು ಹುಡುಕಿಸಬೇಕು. ಮನೆಯ ಕಪಾಟಿನಲ್ಲಿರುವ ಎಲ್ಲ ಮಾತ್ರೆಗಳನ್ನು ಹೊರಗೆ ತರಿಸಿ ಪಟ್ಟಿ ಮಾಡುವುದು ಅದೇ ಭೇಟಿಯಲ್ಲಿ ಮುಗಿಸಬಹುದಾದ ಕೆಲಸ. ನಿದ್ರೆ ಮಾತ್ರೆ, ರಕ್ತದೊತ್ತಡದ ಮಾತ್ರೆಗಳು ಆ ಪಟ್ಟಿಯಲ್ಲಿದ್ದರೆ ಎದ್ದು ನಿಂತಾಗ ತಲೆಸುತ್ತು ಬರುತ್ತದೆಯೇ ಎಂದು ಕೇಳಿ, ವೈದ್ಯರಿಗೆ ಆ ಪಟ್ಟಿಯನ್ನೇ ತಲುಪಿಸಬೇಕು.