ಓಟಿಪಿ ಕೊಟ್ಟಿಲ್ಲ, ಆದ್ರೂ ರೊಕ್ಕ ಹೋಗ್ಯಾವ, ಬ್ಯಾಂಕ್ ವಾಪಸ್ ಕೊಡ್ತದೇನ್ರಿ?

ಪ್ರಶ್ನೆ: ನಮ್ಮಪ್ಪಂದು ಜೇವರ್ಗಿದಾಗ ಖಾತೆ ಅದರಿ. ತೊಗರಿ ಮಾರಿದ ರೊಕ್ಕ ಜಮಾ ಆಗಿದ್ವು, ಶುಕ್ರವಾರ ರಾತ್ರಿ 18,000 ಕಟ್ ಆಗ್ಯಾವಂತ ಮೆಸೇಜ್ ಬಂತು. ಯಾರಿಗೂ ಓಟಿಪಿ ಹೇಳಿಲ್ಲ, ಲಿಂಕ್ ಒತ್ತಿಲ್ಲ. ಬ್ಯಾಂಕಿನವ್ರು ಪೊಲೀಸ್ ಸ್ಟೇಷನ್‌ಗೆ ಹೋಗ್ರಿ ಅಂತಾರ. ವಾಪಸ್ ಬರ್ತಾವೇನ್ರಿ?

ಉತ್ತರ: ಬರಬೇಕ್ರಿ, ಆದ್ರ ತಡ ಮಾಡಬ್ಯಾಡ್ರಿ. ಸ್ಟೇಷನ್‌ಗೆ ಹೋಗೋದು ಬ್ಯಾರೆ, ಬ್ಯಾಂಕಿಗೆ ಕಂಪ್ಲೇಂಟ್ ಕೊಡೋದು ಬ್ಯಾರೆ, ಎರಡೂ ಮಾಡ್ರಿ. ಆರ್‌ಬಿಐ 2017ರ ಜುಲೈ 6ಕ್ಕೆ ಹೊರಡಿಸಿದ ಆದೇಶದಾಗ ಹೇಳ್ಯದ, ತಪ್ಪು ಬ್ಯಾಂಕಿಂದಾದ್ರ ನೀವು ಯಾವಾಗ ಹೇಳಿದ್ರೂ ಪೂರ್ತಿ ರೊಕ್ಕ ಬ್ಯಾಂಕೇ ಕೊಡಬೇಕು. ತಪ್ಪು ಬ್ಯಾಂಕಿಂದೂ ಅಲ್ಲ ನಿಮ್ಮದೂ ಅಲ್ಲ ಅಂದ್ರ ಮೆಸೇಜ್ ಬಂದ 3 ವರ್ಕಿಂಗ್ ಡೇ ಒಳಗ ತಿಳಿಸಿದ್ರ ನಿಮ್ಮ ಮ್ಯಾಲ ಒಂದ್ ರೂಪಾಯಿನೂ ಬೀಳಂಗಿಲ್ಲ.

ಈ ಮೂರು ದಿನ ಎಣಿಸೋದ್ರಾಗೇ ಭಾಳ ಮಂದಿ ಗಾಬರಿ ಆಗಿ ಕೈ ಬಿಡ್ತಾರ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ, ನಿಮ್ಮ ಬ್ರಾಂಚ್ ಬಂದ್ ಇರೋ ದಿನಾನೂ ಇಲ್ಲ. ಶುಕ್ರವಾರ ರಾತ್ರಿ ಬಂದದ, ಮರುದಿನ ಎರಡನೇ ಶನಿವಾರ ಅಂತ ಇಟ್ಕೊಳ್ರಿ, ಆಮ್ಯಾಲ ಭಾನುವಾರ, ಅಂದ್ರ ಸೋಮವಾರ ಒಂದನೇ ದಿನ, ಬುಧವಾರ ಮೂರನೇದು. 4ರಿಂದ 7ನೇ ದಿನದೊಳಗ ಹೇಳಿದ್ರ ಜನಧನ್‌ದಂಥ ಬೇಸಿಕ್ ಖಾತೆಗೆ ಹೆಚ್ಚಂದ್ರ 5,000, ಸಾದಾ ಸೇವಿಂಗ್ಸ್ ಖಾತೆಗೆ 10,000 ನಿಮ್ಮ ಮ್ಯಾಲ ಬರ್ತದ, ಉಳಿದದ್ದು ಬ್ಯಾಂಕಿಂದು. 7 ದಿನ ದಾಟಿದ್ರ ಆ ಬ್ಯಾಂಕಿನ ಪಾಲಿಸಿ ಏನದ ಅದೇ ನಡೀತದ.

ಬ್ರಾಂಚಿನಾಗ ಬಾಯಿಲೆ ಹೇಳಿ ಬರಬ್ಯಾಡ್ರಿ ಅಂತ ಕೈ ಮುಗಿದು ಕೇಳ್ತೀನಿ. ಟೋಲ್ ಫ್ರೀಗೆ ಫೋನ್ ಹಚ್ಚಿದ್ರೂ ಕಂಪ್ಲೇಂಟ್ ನಂಬರ್ ಕೊಡಲೇಬೇಕು, ಅದನ್ನ ಬರಕೊಳ್ರಿ, ಬ್ರಾಂಚಿಗೆ ಅರ್ಜಿ ಕೊಟ್ರ ನಿಮ್ಮ ಪ್ರತಿ ಮ್ಯಾಲ ಸೀಲು, ತಾರೀಖು ಹಾಕಿಸ್ಕೊಳ್ರಿ, ಆಮ್ಯಾಲ ನೀವು ಬಂದೇ ಇಲ್ಲ ಅಂತ ಯಾರೂ ಅನ್ನಂಗಿಲ್ಲ. ಹಂಗೇ ಸೈಬರ್ ಮೋಸದ ಸರಕಾರಿ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಹಚ್ರಿ, ಬೇಗ ಹೇಳಿದ್ರ ಹೋದ ರೊಕ್ಕ ಕಳ್ಳರ ಖಾತೆದಾಗೇ ತಡೆಯೋ ಅವಕಾಶ ಇರ್ತದ.

ತಿಳಿಸಿದ ದಿನದಿಂದ 10 ವರ್ಕಿಂಗ್ ಡೇದಾಗ ಬ್ಯಾಂಕ್ ಆ ರೊಕ್ಕ ತಾತ್ಕಾಲಿಕ ಆಗಿ ಖಾತೆಗೆ ಹಾಕಬೇಕು, ನೆನಪಿಡ್ರಿ, ಈ ಲೆಕ್ಕ ನೀವು ತಿಳಿಸಿದ ದಿನದಿಂದ, ಎಫ್‌ಐಆರ್ ದಿನದಿಂದ ಅಲ್ಲ. ಪೂರ್ತಿ ತೀರ್ಮಾನಕ್ಕ 90 ದಿನ. "ನೀವೇ ಓಟಿಪಿ ಕೊಟ್ಟಿರ್ತೀರಿ" ಅಂತ ಅಂದ್ರ ಸುಮ್ನ ಎದ್ದು ಬರಬ್ಯಾಡ್ರಿ, ತಪ್ಪು ಗಿರಾಕಿದು ಅಂತ ಸಾಬೀತು ಮಾಡೋದು ಬ್ಯಾಂಕಿನ ಕೆಲಸ, ಅದೂ ಆದೇಶದಾಗೇ ಅದ. ಓಟಿಪಿ ಅಥವಾ ಪಿನ್ ಖರೇನೇ ಕೊಟ್ಟಿದ್ರ ಮಾತ್ರ ಬ್ಯಾಂಕಿಗೆ ತಿಳಿಸೋತನಕ ಹೋದದ್ದು ನಿಮ್ಮ ಮ್ಯಾಲೇ, ತಿಳಿಸಿದ ಮ್ಯಾಲ ಹೋದದ್ದು ಬ್ಯಾಂಕಿನ ಮ್ಯಾಲ. ಅದಕ್ಕೇ ಓಟಿಪಿ ಕೊಟ್ಟವ್ರೂ ನಾಚಿಕೊಂಡು ಮನ್ಯಾಗ ಕೂಡಬಾರದು.

ಇನ್ನೊಂದು, ಮೆಸೇಜಿನಾಗ ಎಇಪಿಎಸ್ ಅಂತ ಇದ್ರ ಅದು ಆಧಾರ್ ಹೆಬ್ಬೆಟ್ಟಿನ ಮ್ಯಾಲ ತಗದದ್ದು, ಎಂಆಧಾರ್ ಆ್ಯಪ್‌ನಾಗ ಅಪ್ಪಂದು ಬಯೋಮೆಟ್ರಿಕ್ ಲಾಕ್ ಮಾಡಿಸ್ರಿ.

30 ದಿನದಾಗ ಬ್ಯಾಂಕ್ ಉತ್ತರ ಕೊಡದಿದ್ರ ಅಥವಾ ಆಗಲ್ಲ ಅಂದ್ರ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಅಂದ್ರ ಬ್ಯಾಂಕಿನ ಮ್ಯಾಲಿನ ದೂರು ಕೇಳೋ ಅಧಿಕಾರಿಗೆ, ಬರೀರಿ. ಫೀಸ್ ಇಲ್ಲ, ವಕೀಲರೂ ಬೇಕಾಗಿಲ್ಲ. ಕಂಪ್ಲೇಂಟ್ ನಂಬರ್, ಸೀಲು ಹಾಕಿದ ಅರ್ಜಿ, ಪಾಸ್‌ಬುಕ್ ಎಂಟ್ರಿ ಜೋಡಿಸ್ರಿ, ಏನರ ಡೌಟ್ ಇದ್ರ ಆರ್‌ಬಿಐ ಸಹಾಯವಾಣಿ 14448ಕ್ಕೆ ಫೋನ್ ಹಚ್ಚಿ ಕೇಳ್ರಿ.